ಹುರುಳಿ ಬೆಳೆದವನು ಬೇಯಿಸಲು ಕಲಿತದ್ದು

ಮೂವತ್ತು ವರ್ಷದಿಂದ ಹುರುಳಿ ಬಿತ್ತುತ್ತಾ ಬಂದವನು ನಾನು. ಎಷ್ಟು ತೇವ ಇದ್ದರೆ ಬಿತ್ತಬಹುದು, ಯಾವ ಹದಕ್ಕೆ ಕಿತ್ತರೆ ಕಾಯಿ ಸಿಡಿಯುವುದಿಲ್ಲ ಅಂತ ಯಾರಾದರೂ ಕೇಳಿದರೆ ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಆದರೆ ಅದೇ ಹುರುಳಿ ಒಲೆ ಮೇಲೆ ಎಷ್ಟು ಹೊತ್ತಿಗೆ ಬೇಯುತ್ತೆ? 2019ರ ತನಕ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡುಗೆಮನೆ ಕಡೆ ತಲೆ ಹಾಕಿದವನೇ ಅಲ್ಲ. ಓದುಗರಲ್ಲಿ ನನ್ನಂಥವರೇ ಹೆಚ್ಚಿರಬಹುದು ಅಂತ ಧೈರ್ಯ ಮಾಡಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕನಕಪುರ ತಾಲ್ಲೂಕು. ಒಂದೂವರೆ ಎಕರೆ ಹಿಪ್ಪುನೇರಳೆ, ಒಂದಿಷ್ಟು ಮಾವು, ಉಳಿದದ್ದು ಮಳೆ ನಂಬಿದ ರಾಗಿ ಹೊಲ. ಆ ವರ್ಷ ಹುಳು ನಾಲ್ಕನೇ ಜ್ವರಕ್ಕೆ ಮಲಗಿದ್ದವು. ಸೊಪ್ಪಿನ ಕೋಣೆಯ ಒದ್ದೆ ನೆಲದಲ್ಲಿ ನನ್ನ ಹೆಂಡತಿ ಜಾರಿ ಬಿದ್ದಳು, ಬಲಗೈ ಮಣಿಕಟ್ಟು ಮುರಿಯಿತು. ಸಿಮೆಂಟು ಕಟ್ಟಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಸಂಜೆ. ಮಾರನೇ ದಿನ ಹುಳು ಜ್ವರದಿಂದ ಏಳುತ್ತವೆ. ರೇಷ್ಮೆ ಸಾಕಿದವರಿಗೆ ಗೊತ್ತು, ಒಂದು ಬೆಳೆಯ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮೀರಿ ಖರ್ಚಾಗುವುದು ಈ ಕೊನೇ ಏಳೆಂಟು ದಿನದಲ್ಲೇ. ಐದು ಜನ ಆಳು ಹೇಳಿಯಾಗಿತ್ತು. ಮಧ್ಯಾಹ್ನದ ಊಟ ನಮ್ಮ ಮನೆಯದೇ. ಮಗಳು ಗಂಡನ ಮನೇಲಿ, ಮಗ ಬೆಂಗಳೂರಲ್ಲಿ, ನಮ್ಮವ್ವನಿಗೆ ಎಂಬತ್ತು ದಾಟಿತ್ತು.

"ಹೋಟ್ಲಿಂದ ತರ್ಸಿ" ಅಂದಳು ಹೆಂಡತಿ. ಏಳೆಂಟು ದಿನ ಐದು ಆಳಿಗೆ ಹೋಟೆಲ್ ಊಟ ಅಂದರೆ ಗೂಡಿನ ಲಾಭ ಅಲ್ಲೇ ಕರಗುತ್ತೆ. ಉಪ್ಸಾರು ಮುದ್ದೆ ತಾನೆ, ಅದೇನು ಮಹಾ ಅಂತ ನಾನೇ ಒಲೆ ಹಚ್ಚಿದೆ.

ಮೊದಲ ದಿನದ ಮಂಗಳಾರತಿ

ಬೆಳಿಗ್ಗೆ ಎದ್ದು ಎರಡು ಪಾವು ಹುರುಳಿ ತೊಳೆದೆ. ಉಪ್ಪು ಹಾಕಿದೆ, ಹುಣಸೆಹಣ್ಣನ್ನೂ ಕಿವುಚಿ ಹಾಕಿದೆ. ಎಲ್ಲ ಒಟ್ಟಿಗೆ ಬೆಂದರೆ ಕೆಲಸ ಹಗುರ ಅಂತ ನನ್ನ ಲೆಕ್ಕ. ಒಂದೂವರೆ ಗಂಟೆ ಉರಿದರೂ ಕಾಳು ಕಾಳಾಗೇ ಇತ್ತು. ಮುದ್ದೆಯ ಕಥೆ ಬೇಡ, ಒಳಗೆಲ್ಲ ಗಂಟು, ಹಸಿ ಹಿಟ್ಟು.

ನಮ್ಮಲ್ಲಿಗೆ ವರ್ಷಾನುಗಟ್ಟಲೆ ಬರುವ ಅಜ್ಜಿಯೊಬ್ಬರಿದ್ದಾರೆ. ಎರಡು ತುತ್ತು ತಿಂದು, "ಕಾಳು ಬೆಂದಿಲ್ಲ ಕಣಪ್ಪ, ಹಲ್ಲಿಗೆ ಕಲ್ಲು ಸಿಕ್ಕಂಗೆ ಸಿಗ್ತದೆ. ನಂಗಿರೋದೇ ನಾಕು ಹಲ್ಲು" ಅಂದರು. ಉಳಿದವರು ಏನೂ ಅನ್ನಲಿಲ್ಲ. ಮಾರನೇ ದಿನ ಐದರಲ್ಲಿ ಇಬ್ಬರು ಬರಲಿಲ್ಲ.

ಊಟ ಸರಿಯಿಲ್ಲದ ಮನೆಗೆ ಆಳು ಬರುವುದಿಲ್ಲ. ಕೂಲಿ ಹತ್ತು ರೂಪಾಯಿ ಕಮ್ಮಿಯಾದರೂ ಬಂದಾರು, ಇದಕ್ಕೆ ಬರುವುದಿಲ್ಲ. ಆವತ್ತು ಸಂಜೆ ಕೊನೇ ಸೊಪ್ಪು ಹಾಕುವಾಗ ಕತ್ತಲಾಗಿತ್ತು. ಚಾಕಿ ಹುಳು ತಂದ ದುಡ್ಡೂ ಸಾಲದ್ದು. ಆಳು ತಪ್ಪಿದರೆ ಹುಳು ಹಸಿಯುತ್ತವೆ, ಹುಳು ಹಸಿದರೆ ಗೂಡು ಹಗುರ. ಇಷ್ಟೆಲ್ಲ ಒಂದು ತಪ್ಪಲೆ ಹುರುಳಿಯ ಮೇಲೆ ನಿಂತಿದೆ ಅನ್ನೋದು ಆಗ ಹೊಳೆಯಿತು.

ಕಾಳು ಯಾಕೆ ಬೇಯಲಿಲ್ಲ?

ಅವ್ವ ಮಂಚದ ಮೇಲಿಂದಲೇ ವಿಚಾರಣೆ ಮಾಡಿತು. ನೆನೆ ಹಾಕಿದ್ಯಾ? ಇಲ್ಲ. ಹುಣಸೆಹಣ್ಣು ಯಾವಾಗ ಹಾಕ್ದೆ? ಮೊದಲೇ. ಯಾವ ನೀರು? ಬೋರಿಂದು. ಹುರುಳಿ ಯಾವ ವರ್ಷದ್ದು? ಮೂಟೆಯ ತಳದ್ದು, ಮೂರು ವರ್ಷದ ಹಿಂದಿನದು. "ಇನ್ನೇನು ಬೇಯ್ತದೆ, ನಿನ್ ತಲೆ" ಅಂದಿತು ಅವ್ವ.

ಆ ಬೆಳೆ ಮುಗಿದ ಮೇಲೆ ನನಗೆ ಹಟ ಬಂತು. ಒಂದೇ ಮೂಟೆಯ ಹುರುಳಿಯನ್ನು ರಾತ್ರಿ ನೆನೆಹಾಕಿ, ಒಂದೇ ಅಳತೆಯ ನಾಲ್ಕು ಪಾತ್ರೆಯಲ್ಲಿ ಬೇಯಿಸಿ ನೋಡಿದೆ. ಒಂದಕ್ಕೆ ಬರೀ ಬೋರ್‌ವೆಲ್ ನೀರು. ಒಂದಕ್ಕೆ ಚಾವಣಿಯಿಂದ ಹಿಡಿದಿಟ್ಟ ಮಳೆನೀರು. ಮೂರನೆಯದಕ್ಕೆ ಬೋರ್ ನೀರು ಮತ್ತು ಹುಣಸೆಹುಳಿ. ನಾಲ್ಕನೆಯದಕ್ಕೆ ಬೋರ್ ನೀರು ಮತ್ತು ಉಪ್ಪು. ಮಳೆನೀರಿನದು ಮುಕ್ಕಾಲು ಗಂಟೆಗೆ ಬೆರಳಲ್ಲಿ ಹಿಸುಕಿದರೆ ಹಿಟ್ಟಾಯಿತು. ಬೋರ್ ನೀರಿನದಕ್ಕೆ ಒಂದು ಗಂಟೆ ದಾಟಿತು. ಹುಳಿ ಹಾಕಿದ್ದು ಒಂದೂವರೆ ಗಂಟೆಯಾದರೂ ನಡುವೆ ಗಟ್ಟಿ. ಉಪ್ಪು ಹಾಕಿದ್ದು ಬರೀ ಬೋರ್ ನೀರಿನಷ್ಟೇ ಹೊತ್ತಿಗೆ ಬೆಂದಿತು.

ಇದು ನನಗೆ ಆಶ್ಚರ್ಯ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದ ಸ್ನೇಹಿತರನ್ನು ಕೇಳಿದಾಗ ವಿಷಯ ಬಿಡಿಸಿ ಹೇಳಿದರು. ಕಾಳಿನ ಗೋಡೆಯನ್ನು ಹಿಡಿದಿಡುವುದು ಪೆಕ್ಟಿನ್ ಅನ್ನೋ ಅಂಟು. ಗಡಸು ನೀರಿನ ಸುಣ್ಣದ ಅಂಶ ಆ ಅಂಟನ್ನು ಇನ್ನೂ ಬಿಗಿ ಮಾಡುತ್ತೆ. ಹುಳಿ ಇದ್ದರೆ ಅಂಟು ಕರಗುವುದೇ ಇಲ್ಲ. ಉಪ್ಪು ಇದಕ್ಕೆ ಉಲ್ಟಾ. ನೆನೆಸುವ ನೀರಿಗೆ ಲೀಟರಿಗೆ ಒಂದೆರಡು ಚಮಚ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗಿ ಬೇಗ ಬೇಯುತ್ತೆ. ಅಂದರೆ ಬೈಗುಳ ತಿನ್ನುತ್ತಿದ್ದದ್ದು ಉಪ್ಪು, ತಪ್ಪು ಮಾಡುತ್ತಿದ್ದದ್ದು ಹುಣಸೆಹಣ್ಣು. ಟೊಮೇಟೊ ಕೂಡ ಹುಳಿಯೇ, ಅದನ್ನೂ ಕಾಳು ಬೆಂದ ಮೇಲೇ ಹಾಕಬೇಕು.

ಹಳೇ ಕಾಳಿನದು ಬೇರೆ ಕಥೆ. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಕೂತ ಕಾಳು ಒಳಗೇ ಗಟ್ಟಿಯಾಗಿಬಿಡುತ್ತೆ, ಮಳೆನೀರಿದ್ದರೂ ನಿಧಾನ. ಸೋಡಾಪುಡಿ ಹಾಕಿದರೆ ಬೇಯುತ್ತೆ ನಿಜ, ಆದರೆ ಬಿ-1 ಜೀವಸತ್ವ ನಾಶವಾಗುತ್ತೆ, ರುಚಿಯೂ ಸಾಬೂನು ಸಾಬೂನು. ಮೂರು ವರ್ಷದ್ದನ್ನು ನಾನು ಈಗ ಎತ್ತಿಗೆ ಹಾಕುತ್ತೇನೆ. (ಎತ್ತು ಉಳಿದಿರುವ ಮನೆಗೆ ಮಾತ್ರ ಈ ಸಲಹೆ!)

ಕುಕ್ಕರ್ ಇದ್ದರೆ ಇಷ್ಟು ತಲೆಬಿಸಿ ಇಲ್ಲ. ನೆನೆದ ಹುರುಳಿಗೆ ಐದಾರು ಕೂಗು ಸಾಕು. ಆದರೆ ಎಂಟು ಜನಕ್ಕೆ ಉಪ್ಸಾರಿಗೆ ಬೇಕಾಗುವಷ್ಟು ನೀರು ಮನೆಯ ಕುಕ್ಕರಿಗೆ ಹಿಡಿಯುವುದಿಲ್ಲ. ಕಾಳು ಕುಕ್ಕರಿನಲ್ಲಿ ಬೇಯಿಸಿಕೊಂಡು, ಆಮೇಲೆ ತಪ್ಪಲೆಗೆ ಬಗ್ಗಿಸಿ ಬಿಸಿನೀರು ಸೇರಿಸಿ ಸೊಪ್ಪಿನ ಜೊತೆ ಕುದಿಸಿ.

ಉಪ್ಸಾರು ಮಾಡುವ ಕ್ರಮ

ಕರಾವಳಿಯ ಓದುಗರಿಗೆ ಹುರುಳಿ ಸಾರು ಹೊಸದಲ್ಲ, ಆದರೆ ಉಪ್ಸಾರು ಅಂದರೆ ಅದೇ ಅಂತ ತಿಳಿಯಬೇಡಿ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಆದ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ಈ ಸೀಮೆ – ಮತ್ತೆ ಪಕ್ಕದ ಮಂಡ್ಯ, ಮೈಸೂರು ಕಡೆ ಇದು ದಿನದ ಊಟ. ಇದರಲ್ಲಿ ಸಾರಿಗೆ ಖಾರ ಹಾಕಿ ಕುದಿಸುವುದಿಲ್ಲ. ಕಾಳು ಸೊಪ್ಪು ಬೆಂದ ನೀರಿಗೆ ಬರೀ ಉಪ್ಪು. ಖಾರ ಬೇರೆ ಅರೆದು ಇಟ್ಟಿರುತ್ತಾರೆ. ಅವರವರ ತಟ್ಟೆಗೆ ಅವರವರ ನಾಲಿಗೆಗೆ ತಕ್ಕಷ್ಟು ಕಲಸಿಕೊಳ್ಳಬೇಕು. ಮಗುವಿಗೂ ಅಜ್ಜಿಗೂ ಕಡಿ ಕಡಿ ಖಾರ ತಿನ್ನುವ ಆಳಿಗೂ ಒಂದೇ ತಪ್ಪಲೆ ಸಾಕು. ಇಷ್ಟು ಜಾಣತನದ ಅಡುಗೆ ಬೇರೆ ಇದೆಯೋ ನನಗೆ ಕಾಣೆ.

ಎಂಟು ಜನಕ್ಕೆ ನನ್ನ ಲೆಕ್ಕ ಹೀಗೆ. ಎರಡು ಪಾವು ಹುರುಳಿ, ಅಂದರೆ ಸುಮಾರು 400 ಗ್ರಾಂ, ಕಲ್ಲು ಆರಿಸಿ ರಾತ್ರಿಯೇ ಉಪ್ಪುನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಮೂರು ಲೀಟರ್ ನೀರು ಕುದಿಯಲು ಬಂದಮೇಲೆ ಕಾಳು ಹಾಕಿ. ನಡುವೆ ನೀರು ಕಡಿಮೆಯಾದರೆ ಬಿಸಿನೀರೇ ಹಾಕಬೇಕು. ಕಾಳು ಮುಕ್ಕಾಲು ಬೆಂದಾಗ ಎರಡು ದೊಡ್ಡ ಕಟ್ಟು ಸೊಪ್ಪು ಹೆಚ್ಚಿ ಹಾಕಿ. ದಂಟು, ಕೀರೆ, ಸಬ್ಬಸಿಗೆ, ನುಗ್ಗೆಸೊಪ್ಪು ಯಾವುದಾದರೂ ಆದೀತು. ನನ್ನ ಕೇಳಿದರೆ ಹೊಲದ ಬೆರಕೆಸೊಪ್ಪಿಗೆ ಸಮ ಯಾವುದೂ ಇಲ್ಲ. ಅಣ್ಣೆ, ಹೊನಗೊನ್ನೆ, ಗಣಕೆ – ನಾವು ಕಳೆ ಅಂತ ಕಿತ್ತು ಬದುವಿಗೆ ಎಸೆಯುವುದೆಲ್ಲ ಅಜ್ಜಿಯ ಮಡಿಲಲ್ಲಿ ಅಡುಗೆಗೆ ಬರುತ್ತೆ. ಕಳೆನಾಶಕ ಹೊಡೆದ ಹೊಲದ್ದು ಮಾತ್ರ ಖಂಡಿತ ಬೇಡ. ಸೊಪ್ಪಿಗೆ ಏಳೆಂಟು ನಿಮಿಷ ಸಾಕು, ಮುಚ್ಚಳ ಮುಚ್ಚದೆ ಬೇಯಿಸಿದರೆ ಹಸಿರು ಉಳಿಯುತ್ತೆ.

ಈಗ ಬಸಿಯಬೇಕು. ಬಸಿದ ಕಟ್ಟು ಒಂದು ಕಡೆ, ಕಾಳು ಸೊಪ್ಪು ಒಂದು ಕಡೆ. ಕಟ್ಟಿಗೆ ಉಪ್ಪು ಹಾಕಿ ಮತ್ತೆ ಒಂದು ಕುದಿ. ಕಾಳು ಸೊಪ್ಪಿಗೆ ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೊಂದು ಹಿಡಿ ಕಾಯಿತುರಿ. ಇದು ಪಲ್ಯ.

ಇನ್ನು ಖಾರ. ಗುಂಟೂರು ಎಂಟು, ಬ್ಯಾಡಗಿ ನಾಲ್ಕು ಮೆಣಸಿನಕಾಯಿ ಎರಡು ತೊಟ್ಟು ಎಣ್ಣೆಯಲ್ಲಿ ಕಪ್ಪಾಗದಂತೆ ಹುರಿಯಿರಿ. ಒಂದು ಗೆಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಹತ್ತು ಕಾಳುಮೆಣಸು, ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣು, ಉಪ್ಪು, ಕೊತ್ತಂಬರಿಸೊಪ್ಪು. ಹುಣಸೆಗೆ ಇಲ್ಲಿ ಜಾಗ, ಕಾಳಿನ ತಪ್ಪಲೇಲಿ ಅಲ್ಲ. ಒಳಕಲ್ಲಿದ್ದರೆ ಒಳಕಲ್ಲು, ಇಲ್ಲದಿದ್ದರೆ ಮಿಕ್ಸಿ. ಅವ್ವನ ಒಂದು ಗುಟ್ಟು ಇದೆ: ಅರೆಯುವಾಗ ಬೆಂದ ಕಾಳನ್ನು ಒಂದು ಸೌಟು ಸೇರಿಸಿದರೆ ಖಾರ ಕಟ್ಟಿನಲ್ಲಿ ಚೆನ್ನಾಗಿ ಬೆರೆಯುತ್ತೆ, ತಳ ಸೇರುವುದಿಲ್ಲ. ನಮ್ಮ ಅಕ್ಕನ ಮನೆ ಚನ್ನಪಟ್ಟಣದ ಕಡೆ, ಅವಳು ಹಸಿಮೆಣಸಿನಕಾಯಿಯನ್ನು ಕಾಳಿನ ಜೊತೆಗೇ ಬೇಯಿಸಿ ತೆಗೆದು ಅರೆಯುತ್ತಾಳೆ. ಅದರ ಘಮ ಬೇರೆ. ಯಾವುದು ಮೇಲು ಅಂತ ನಮ್ಮ ಮನೇಲಿ ಇನ್ನೂ ತೀರ್ಮಾನ ಆಗಿಲ್ಲ.

ಮೆಣಸಿನಕಾಯಿ ಅಮೆರಿಕ ಖಂಡದ ಗಿಡ, ಪೋರ್ಚುಗೀಸರು ಬಂದಮೇಲೆ 16ನೇ ಶತಮಾನದಲ್ಲಿ ನಮಗೆ ಸಿಕ್ಕಿದ್ದು. ಅದಕ್ಕೂ ಮುಂಚೆ ಖಾರ ಅಂದರೆ ಕಾಳುಮೆಣಸೇ. ಅಮೆರಿಕದಲ್ಲಿರುವ ನನ್ನ ಭಾಮೈದನ ಮಗ ರಜಕ್ಕೆ ಬಂದಿದ್ದಾಗ ಉಪ್ಸಾರು ಉಂಡು, "ಅಲ್ಲೂ ಒಣ ಬೀನ್ಸು, ಟೊಮೇಟೊ, ಮೆಣಸಿನಕಾಯಿ ಒಂದೇ ಪಾತ್ರೇಲಿ ಬೇಯಿಸ್ತಾರೆ ಮಾಮ, ಚಿಲಿ ಅಂತಾರೆ, ಜೊತೆಗೆ ಜೋಳದ ರೊಟ್ಟಿ" ಅಂದ. ಮಾಂಸ ಹಾಕುವುದೂ ಉಂಟಂತೆ, ಬರೀ ಕಾಳಿನದೂ ಉಂಟಂತೆ. ಇಲ್ಲಿಯೇ ಒಂದು ಎಚ್ಚರಿಕೆ. ಅವರು ಹಾಕುವ ರಾಜ್ಮಾ ಈಗ ನಮ್ಮ ಸಂತೆಯಲ್ಲೂ ಸಿಗುತ್ತೆ. ಅದರಲ್ಲಿ ಹಸಿಯಾಗಿದ್ದಾಗ ವಾಂತಿ ಭೇದಿ ತರುವ ವಿಷ ಇದೆ. ನೆನೆಸಿದ ನೀರು ಚೆಲ್ಲಿ, ಕೊತಕೊತ ಕುದಿಯುವ ನೀರಿನಲ್ಲಿ ಹತ್ತು ನಿಮಿಷವಾದರೂ ಕುದಿಸಲೇಬೇಕು. ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ಟರೆ ಆ ವಿಷ ಹೋಗುವುದಿಲ್ಲ.

ಹಿಟ್ಟು ತಿರುವುವುದು

ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು. ಒಂದು ಅಳತೆ ರಾಗಿಹಿಟ್ಟಿಗೆ ಎರಡು ಅಳತೆ ನೀರು. ದುಡಿಯುವ ಎಂಟು ಜನಕ್ಕೆ ಕಿಲೋ ಹಿಟ್ಟು ಬೇಕು. ಒಂದು ಹಿಡಿ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಹಾಕಿ, ಅದು ತೆಳ್ಳಗೆ ಅಂಬಲಿಯಂತೆ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆ ಸುರಿಯಿರಿ. ಕೈ ಹಾಕಬೇಡಿ! ನಾನು ಮೊದಲ ದಿನ ಮಾಡಿದ ತಪ್ಪು ಇದೇ, ಸುರಿದ ತಕ್ಷಣ ತಿರುವಿದೆ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ ಉರಿ ಸಣ್ಣ ಮಾಡಿ. ಆ ತೂತಿನಲ್ಲಿ ಎಸರು ಉಕ್ಕಿ ಬಂದು ಹಿಟ್ಟು ಹಬೆಯಲ್ಲಿ ಬೇಯುತ್ತೆ. ಆರೇಳು ನಿಮಿಷ ಬಿಟ್ಟು, ತಪ್ಪಲೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಹಿಟ್ಟಿನ ಕೋಲಿನಿಂದ ಅಂಚಿಗೆ ಒತ್ತಿ ಒತ್ತಿ ತಿರುವಿ. ಗಂಟು ಒಡೆದ ಮೇಲೆ ಮುಚ್ಚಳ ಮುಚ್ಚಿ ಇನ್ನೆರಡು ನಿಮಿಷ ಹಬೆ. ಒದ್ದೆ ಮಣೆ ಮೇಲೆ ಹಾಕಿ, ಕೈ ನೀರು ಮಾಡಿಕೊಂಡು ಬಿಸಿಯಲ್ಲೇ ಕಟ್ಟಬೇಕು. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಅಂತ ಅರ್ಥ. ನನ್ನ ತೋಳು ಎರಡು ದಿನ ನೋವು ಬಂತು. ಇದನ್ನು ಇವಳು ದಿನಕ್ಕೆ ಎರಡು ಸಲ ಮೂವತ್ತು ವರ್ಷ ಮಾಡಿದ್ದಾಳೆ.

ಹೆಂಡತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೈ ಕೊರಳಿಗೆ ಕಟ್ಟಿಕೊಂಡು, "ಇನ್ನೂ ಒತ್ರೀ, ತಳ ಸೇರಿಸಿ ತಿರುವಿ" ಅಂತ ಹೇಳಿಕೊಡುತ್ತಿದ್ದಳು. ಎರಡನೇ ದಿನ ಪರವಾಗಿಲ್ಲ ಅನ್ನುವ ಹಾಗಾಯಿತು. ಮೂರನೇ ದಿನ ಬಿಟ್ಟುಹೋದ ಇಬ್ಬರಲ್ಲಿ ಒಬ್ಬ ವಾಪಸ್ ಬಂದ. ಅಜ್ಜಿ ಹೇಳಿಕಳಿಸಿದ್ದರಂತೆ.

ಕಾಳು ಮತ್ತು ರಾಗಿ ಒಟ್ಟಿಗೆ ಯಾಕೆ

ರಾಗಿಯ ಸುಣ್ಣದ ಅಂಶ ಪ್ರಸಿದ್ಧ, 100 ಗ್ರಾಮಿಗೆ 340 ಮಿಲಿಗ್ರಾಮಿಗೂ ಮೇಲೆ. ಆದರೆ ಪ್ರೋಟೀನು ಏಳೇ ಗ್ರಾಂ ಹತ್ತಿರ. ಅದರಲ್ಲೂ ಲೈಸೀನ್ ಅನ್ನೋ ಅಂಶ ಕೊರತೆ. ಹುರುಳಿ, ಅವರೆಯಲ್ಲಿ ಪ್ರೋಟೀನು ಇಪ್ಪತ್ತು ಗ್ರಾಂ ಮೀರಿ ಇದೆ, ಲೈಸೀನ್ ಧಾರಾಳ, ಆದರೆ ಮಿಥಿಯೋನಿನ್ ಕಮ್ಮಿ. ಅದು ರಾಗಿಯಲ್ಲಿ ಚೆನ್ನಾಗಿದೆ. ಒಂದರ ಕೊರತೆ ಇನ್ನೊಂದು ತುಂಬುತ್ತೆ. ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ನಿಂಬೆಹಣ್ಣು ಹಿಂಡಿಕೊಳ್ಳುವುದು ಒಳ್ಳೇದು, ಉಂಡ ತಕ್ಷಣ ಟೀ ಕುಡಿಯುವುದು ಕೆಟ್ಟದ್ದು. ನಾವು ಮಾಡುವುದು ಸರಿಯಾಗಿ ಎರಡನೆಯದು.

ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯಲ್ಲ ಅನ್ನುವವರಿದ್ದಾರೆ. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆಯನ್ನು ತಿಳಿಸಾರಿನ ಜೊತೆ ನುಂಗಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತೆ. ಮುದ್ದೆ ಚಿಕ್ಕದು, ಪಲ್ಯ ದೊಡ್ಡದು ಆದರೆ ಮಾತು ಬೇರೆ. ನನಗೂ ಸಕ್ಕರೆ ಇದೆ, ನೋಡಿಸಿಕೊಂಡೇ ಹೇಳುತ್ತಿದ್ದೇನೆ.

ಹೊಲದಲ್ಲೂ ಇವು ಒಟ್ಟಿಗೇ ಇದ್ದವು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಟ್ಟು ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಹಾಕುತ್ತಿದ್ದೆವು. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತಿತ್ತು. ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು, ಅಕ್ಕಡಿ ಅಡ್ಡಿ ಅನ್ನಿಸಿತು. ನಾನೂ ಹತ್ತು ವರ್ಷ ಬಿಟ್ಟಿದ್ದೆ. ಹೀಗೆ ಬಿಟ್ಟಾಗ ಅವ್ವ ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಟ್ಟಿದ್ದ ಅವರೆ ಬೀಜ ಕಳೆದುಹೋಯಿತು. ಬಿತ್ತದ ಬೀಜ ಎಷ್ಟು ವರ್ಷ ಇದ್ದೀತು? ಹುಳ ಬಿದ್ದು ಪುಡಿಯಾಗಿತ್ತು. ಅವ್ವ ಆವತ್ತು ಊಟ ಬಿಟ್ಟಿತ್ತು, ನನಗೆ ಅರ್ಥವಾಗಿರಲಿಲ್ಲ.

ಹೆಂಡತಿಯ ತವರು ಮಾಗಡಿ ಕಡೆ. ಆ ಸೀಮೆ ಅವರೆಕಾಯಿಗೆ ಹೆಸರಾದದ್ದು. ಚಳಿಗಾಲದಲ್ಲಿ ಲೋಡುಗಟ್ಟಲೆ ಬೆಂಗಳೂರಿಗೆ ಹೋಗುತ್ತೆ, ಅಲ್ಲಿ ಅವರೆಬೇಳೆಗೆ ಮೇಳವೇ ನಡೆಯುತ್ತೆ. ನಾಟಿ ಅವರೆ ಯಾವಾಗ ಬಿತ್ತಿದರೂ ಹಗಲು ಗಿಡ್ಡವಾದಾಗಲೇ ಹೂ ಬಿಡುವುದು. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಬಂದಮೇಲೆ ವರ್ಷವಿಡೀ ಕಾಯಿ ಸಿಗುತ್ತೆ, ಅದೂ ಬೇಕು. ಆದರೆ ಮಂಜು ಬಿದ್ದ ನಾಟಿ ಕಾಯಿಯ ಸೊಗಡು ಅದರಲ್ಲಿ ಇಲ್ಲ ಅನ್ನೋದು ನನ್ನ ಮೂಗಿನ ಅಭಿಪ್ರಾಯ. ಅತ್ತೆಮನೆಯಿಂದ ಒಂದು ಸೇರು ಬೀಜ ಕೇಳಿ ತಂದೆ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಲೆಕ್ಕದಲ್ಲಿ 2020ರ ಮುಂಗಾರಿಗೆ ಅರ್ಧ ಎಕರೆಗೆ ಹಾಕಿದೆ. ಸಂಕ್ರಾಂತಿ ಹೊತ್ತಿಗೆ ಮೊದಲ ಕಾಯಿ ಬಂತು. ಹಸಿ ಅವರೆಗೆ ನೆನೆಸುವ ಗೋಜಿಲ್ಲ, ಇಪ್ಪತ್ತು ನಿಮಿಷದಲ್ಲಿ ಬೇಯುತ್ತೆ. ಉಳಿದ ಕ್ರಮ ಮೇಲೆ ಹೇಳಿದ್ದೇ.

ಅವ್ವನಿಗೆ ಆಗ ಹಲ್ಲಿರಲಿಲ್ಲ. ನೆನೆಸಿ ಹಿದುಕಿದ ಬೇಳೆಯನ್ನು ಬೇಯಿಸಿ, ಕಟ್ಟಿಗೆ ಚಿಟಿಕೆ ಖಾರ ಹಾಕಿ, ಮುದ್ದೆ ಮುರಿದು ಕೊಟ್ಟೆ. ತಿಂದು, "ಹುಣಸೆಹಣ್ಣು ಒಂಚೂರು ಜಾಸ್ತಿಯಾಯ್ತು" ಅಂದಿತು. ಮಾರನೇ ವರ್ಷ ಅವ್ವ ತೀರಿಕೊಂಡಿತು. ಬೀಜ ಈಗ ಎರಡು ಮಡಕೆ ಇದೆ, ವರ್ಷಾ ವರ್ಷಾ ಬಿತ್ತುತ್ತಿದ್ದೇನೆ. ಹೆಂಡತಿಯ ಕೈ ಕೂಡಿದೆ, ಆದರೆ ಹಿಟ್ಟು ತಿರುವುವ ಬಲ ಪೂರ್ತಿ ಬರಲಿಲ್ಲ. ಹಾಗಾಗಿ ಕೋಲು ನನ್ನ ಕೈಯಲ್ಲೇ ಉಳಿದಿದೆ.